ನನ್ನ ತಪ್ಪುಗಳ ಲೆಕ್ಕಪುಸ್ತಕ

ಮೊದಲ ಸಲ ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆ ಬರೆದು ಕಟ್ ಆಫ್‌ಗಿಂತ ನಾಲ್ಕು ಅಂಕ ಕಡಿಮೆ ಬಂದು ಹೊರಗುಳಿದಾಗ, ನಾನು ಉತ್ತರ ಗುರುತಿಸದೆ ಬಿಟ್ಟಿದ್ದ ಪ್ರಶ್ನೆಗಳು ಎರಡು ಪತ್ರಿಕೆಗಳಿಂದ 43 ಇದ್ದವು. ಕೋಲಾರದಲ್ಲಿ ನಾನು ಮೂರು ತಿಂಗಳು ಹೋಗಿದ್ದ ಕೋಚಿಂಗ್ ತರಗತಿಯಲ್ಲಿ ‘ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ, ನೆಗೆಟಿವ್ ಇದೆ’ ಎಂದು ದಿನಕ್ಕೊಂದು ಸಲ ಹೇಳುತ್ತಿದ್ದರು, ನಾನು ಅದನ್ನು ಅಕ್ಷರಶಃ ಪಾಲಿಸಿದ್ದೆ. ಆ ಮಾತನ್ನು ಒಮ್ಮೆಯಾದರೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕೆಂದು ನನಗೆ ಆಗ ತೋಚಿರಲಿಲ್ಲ.

ಲೆಕ್ಕ ಕಷ್ಟದ್ದಲ್ಲ. ನಾಲ್ಕು ಆಯ್ಕೆಗಳ ಪ್ರಶ್ನೆಗೆ ಸರಿಯುತ್ತರ ಕೊಟ್ಟರೆ ಒಂದು ಅಂಕ, ತಪ್ಪಿದರೆ ಕಾಲು ಅಂಕ ಕಡಿತ. ಏನೂ ತಿಳಿಯದೆ ಹದಿನಾರು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ ನಾಲ್ಕು ಸರಿಯಾಗುತ್ತವೆ, ಹನ್ನೆರಡು ತಪ್ಪಾಗಿ ಮೂರು ಅಂಕ ಹೋಗುತ್ತದೆ, ಕೈಗೆ ಒಂದು ಅಂಕ ಉಳಿಯುತ್ತದೆ. ಅಂದರೆ ಕುರುಡು ಊಹೆಯಿಂದಲೂ ಸರಾಸರಿಯಲ್ಲಿ ನಷ್ಟವಿಲ್ಲ, ಲಾಭವೂ ಹೇಳಿಕೊಳ್ಳುವಷ್ಟಿಲ್ಲ. ಆದರೆ ನಾಲ್ಕರಲ್ಲಿ ಎರಡು ಆಯ್ಕೆಗಳು ಖಂಡಿತ ಅಲ್ಲವೆಂದು ತಿಳಿದಿದ್ದರೆ, ಅದೇ ಹದಿನಾರು ಪ್ರಶ್ನೆಗಳಿಂದ ಎಂಟು ಅಂಕ ಬಂದು, ಎರಡು ಹೋಗಿ, ಆರು ಉಳಿಯುತ್ತದೆ. ನಾನು ಬಿಟ್ಟಿದ್ದ 43ರಲ್ಲಿ ಇಂಥವು ಎಷ್ಟಿದ್ದವೋ ನೆನಪಿಲ್ಲ, ಆದರೆ ನಾಲ್ಕು ಅಂಕಕ್ಕೆ ಸಾಲುವಷ್ಟು ಖಂಡಿತ ಇದ್ದವು.

ಆದ್ದರಿಂದ ಎರಡನೆಯ ಸಲ, 2024ರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಿದ ಮೇಲೆ, ಹೊಸ ಪುಸ್ತಕ ಕೊಳ್ಳುವ ಬದಲು ಹಳೆಯ ಪ್ರಶ್ನೆಗಳನ್ನೇ ಬೆರೆಸಿ, ಸಾಮಾನ್ಯ ಜ್ಞಾನ 40, ಇಂಗ್ಲಿಷ್ 35, ಮಾನಸಿಕ ಸಾಮರ್ಥ್ಯ 25 ಎಂಬಂತೆ ನೂರು ಪ್ರಶ್ನೆಗಳ ಹನ್ನೆರಡು ಪತ್ರಿಕೆಗಳನ್ನು ಮಾಡಿಕೊಂಡೆ. ಉತ್ತರ ಬರೆಯುವಾಗಲೇ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಒಂದು ಗುರುತು ಹಾಕುತ್ತಿದ್ದೆ: ಖಚಿತವಾಗಿ ಗೊತ್ತಿದ್ದರೆ ಟಿಕ್, ಎರಡು ಆಯ್ಕೆಗಳ ನಡುವೆ ತೂಗಾಡುತ್ತಿದ್ದರೆ ಅರ್ಧಚಂದ್ರ, ಏನೂ ಗೊತ್ತಿಲ್ಲದಿದ್ದರೆ ಸೊನ್ನೆ. ಒಂದನ್ನೂ ಖಾಲಿ ಬಿಡುತ್ತಿರಲಿಲ್ಲ. ಕೀ ಉತ್ತರ ನೋಡಿದ ಮೇಲೆ ಒಟ್ಟು ಅಂಕವನ್ನು ಬರೆಯದೆ, ಯಾವ ಗುರುತಿನಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನಷ್ಟೇ ಬರೆದಿಟ್ಟೆ. ಅಪ್ಪ ಟೊಮೆಟೊ ಬಾಕ್ಸುಗಳ ಲೆಕ್ಕ ಬರೆಯಲೆಂದು ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಒಯ್ಯುತ್ತಿದ್ದ ಉದ್ದನೆಯ ನೋಟ್‌ಬುಕ್ ಅದಕ್ಕೆ ಚೆನ್ನಾಗಿ ಹೊಂದಿತು, ಏಕೆಂದರೆ ಅದರಲ್ಲಿ ಜಮಾ ಮತ್ತು ಖರ್ಚಿನ ಗೆರೆಗಳು ಮೊದಲೇ ಇದ್ದವು.

ಹನ್ನೆರಡು ಪತ್ರಿಕೆಗಳು ಮುಗಿದಾಗ ಸಾಮಾನ್ಯ ಜ್ಞಾನದಲ್ಲಿ ಅರ್ಧಚಂದ್ರದ ಪ್ರಶ್ನೆಗಳು 84 ಆಗಿದ್ದವು, ಅವುಗಳಲ್ಲಿ 54 ಸರಿ. ತಪ್ಪಾದ 30ಕ್ಕೆ ಏಳೂವರೆ ಅಂಕ ಕಳೆದರೂ 46.5 ಉಳಿಯುತ್ತದೆ, ಪತ್ರಿಕೆಯೊಂದಕ್ಕೆ ಸುಮಾರು ನಾಲ್ಕು. ನಾನು ಸೋತಿದ್ದೂ ಅಷ್ಟೇ ಅಂಕದಿಂದ.

ಇಂಗ್ಲಿಷಿನ ಸಾಲನ್ನು ಕೂಡಿದಾಗ ಮಾತ್ರ ತಪ್ಪು ಎಣಿಸಿದೆನೇನೋ ಎಂದು ಎರಡು ಸಲ ಮತ್ತೆ ಎಣಿಸಿದೆ. ಅರ್ಧಚಂದ್ರ 72, ಸರಿ ಬರೀ 25. ಎರಡು ಆಯ್ಕೆಗಳ ನಡುವೆ ನಾಣ್ಯ ಚಿಮ್ಮಿದ್ದರೂ 36 ಸರಿಯಾಗಬೇಕಿತ್ತು. ಅಂದರೆ ನಾನು ಯೋಚಿಸಿ ಆರಿಸಿದ್ದಕ್ಕಿಂತ ಯೋಚಿಸದೆ ಆರಿಸಿದ್ದರೇ ವಾಸಿಯಾಗುತ್ತಿತ್ತು. ಆ 47 ತಪ್ಪುಗಳನ್ನು ಒಂದೊಂದಾಗಿ ಬರೆದು ನೋಡಿದಾಗ ಕಾರಣ ಬಿಡಿಸಿಕೊಂಡಿತು: ನಾನು ಕಿವಿಗೆ ಸರಿ ಅನ್ನಿಸಿದ್ದನ್ನು ಆರಿಸುತ್ತಿದ್ದೆ, ಆ ಕಿವಿಯೋ ಕನ್ನಡ ಮತ್ತು ತೆಲುಗಿನಲ್ಲಿ ಪಳಗಿದ್ದು. ನಮ್ಮ ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡರ ವಾಕ್ಯದ ಕಟ್ಟೂ ಹೆಚ್ಚುಕಡಿಮೆ ಒಂದೇ. ‘ಹತ್ತು ವರ್ಷದಿಂದ’ ಎಂದಾಗಲೂ ‘2015ರಿಂದ’ ಎಂದಾಗಲೂ ನಮಗೆ ಒಂದೇ ‘ಇಂದ’ ಸಾಕು, ಇಂಗ್ಲಿಷಿನಲ್ಲಿ ಅವಧಿಗೆ ‘ಫಾರ್’, ಆರಂಭದ ಕಾಲಕ್ಕೆ ‘ಸಿನ್ಸ್’ ಬೇಕು. ನಮ್ಮ ‘ಗಿಂತ’ ಎಲ್ಲ ಹೋಲಿಕೆಗೂ ನಡೆಯುತ್ತದೆ, ಆದ್ದರಿಂದ ‘ಸೀನಿಯರ್’ ಮತ್ತು ‘ಪ್ರಿಫರ್’ ಆದಮೇಲೆ ‘ಟು’ ಬರಬೇಕಾದ ಕಡೆ ನಾನು ತಪ್ಪದೆ ‘ದ್ಯಾನ್’ ಹಾಕಿದ್ದೆ. ‘ವಿಷಯದ ಬಗ್ಗೆ ಚರ್ಚಿಸಿದರು’ ಎನ್ನುವ ನಾಲಿಗೆಗೆ ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಇಲ್ಲದಿದ್ದರೆ ಏನೋ ಬಿಟ್ಟುಹೋದಂತೆ ಅನ್ನಿಸುತ್ತದೆ. ‘ಅವನ ಜೊತೆ ಮದುವೆ’ ಎಂಬುದು ‘ಮ್ಯಾರೀಡ್ ವಿತ್’ ಆಗಿತ್ತು, ಅಲ್ಲಿ ಬೇಕಿದ್ದುದು ‘ಟು’. ಪ್ರಶ್ನೆ ತೆಗೆಯುವವರಿಗೆ ಇದೆಲ್ಲ ತಿಳಿಯದ್ದೇನಲ್ಲ, ನಮ್ಮ ಕಿವಿಗೆ ಹಿತವಾದದ್ದನ್ನೇ ಒಂದು ಆಯ್ಕೆಯಾಗಿ ಇಟ್ಟಿರುತ್ತಾರೆ.

ಆಮೇಲೆ ನಾನು ವ್ಯಾಕರಣದ ದಪ್ಪ ಪುಸ್ತಕವನ್ನು ಬದಿಗಿಟ್ಟು, ನನ್ನ ತಪ್ಪುಗಳಿಂದಲೇ ನಲವತ್ತು ವಾಕ್ಯಗಳನ್ನು ಆರಿಸಿಕೊಂಡು, ಎಡಗಡೆ ಕನ್ನಡದ ಮಾತು, ಬಲಗಡೆ ಇಂಗ್ಲಿಷಿನ ಸರಿಯಾದ ರೂಪ ಬರೆದು, ಬೆಳಿಗ್ಗೆ ಬಸ್ಸಿನಲ್ಲಿ ಎಡಗಡೆ ಮಾತ್ರ ನೋಡಿ ಬಲಗಡೆಯದನ್ನು ಹೇಳಿಕೊಳ್ಳುತ್ತಿದ್ದೆ. ಒಂದು ಕಡೆ ಮಾತ್ರ ಕನ್ನಡವೇ ನನ್ನ ಕೈ ಹಿಡಿಯಿತು. ‘ಎ’ ಹಾಕಬೇಕೋ ‘ಆ್ಯನ್’ ಹಾಕಬೇಕೋ ಎಂಬ ಅನುಮಾನ ಬಂದಾಗ ಆ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಬಿಡುವುದು: ‘ಯೂನಿವರ್ಸಿಟಿ’ ವ್ಯಂಜನದಿಂದ ಶುರುವಾಗುತ್ತದೆ, ‘ಅವರ್’ ಮತ್ತು ‘ಎಂಎಲ್‌ಎ’ ಸ್ವರದಿಂದ. ಇಂಗ್ಲಿಷ್ ಕಾಗುಣಿತ ಮರೆಮಾಚಿದ್ದನ್ನು ನಮ್ಮ ಅಕ್ಷರ ಹೇಳಿಬಿಡುತ್ತದೆ. ‘ಒನ್’ ಒಂದರಲ್ಲಿ ಮಾತ್ರ ಎಚ್ಚರ ಬೇಕು, ನಾವು ‘ಒ’ ಎಂದು ಬರೆದರೂ ಅವರು ‘ವ’ ಎಂದೇ ಉಚ್ಚರಿಸುತ್ತಾರೆ.

ಮಾನಸಿಕ ಸಾಮರ್ಥ್ಯದಲ್ಲಿ ಅರ್ಧಚಂದ್ರಗಳು ಕಡಿಮೆ, ತಪ್ಪಿದ ಟಿಕ್‌ಗಳೇ ಹೆಚ್ಚು, ಅವೂ ಎರಡೇ ಬಗೆಯ ಪ್ರಶ್ನೆಗಳಲ್ಲಿ. ಮೊದಲನೆಯದು ರಕ್ತಸಂಬಂಧ. ನಮ್ಮ ಅಮ್ಮ ಅಪ್ಪನ ಸ್ವಂತ ಅಕ್ಕನ ಮಗಳು, ಹೀಗಾಗಿ ನನಗೆ ಅಮ್ಮನ ತಾಯಿ ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ‘ಅತ್ತೆ’ ಎಂದರೆ ಅಪ್ಪನ ಅಕ್ಕತಂಗಿ, ಸೋದರಮಾವನ ಹೆಂಡತಿ, ಗಂಡನ ತಾಯಿ, ಮೂವರೂ ಆಗುವ ಊರಿನಲ್ಲಿ ಬೆಳೆದವಳು ಪ್ರಶ್ನೆಯನ್ನು ಮನಸ್ಸಿನಲ್ಲೇ ಬಿಡಿಸಲು ಹೋದರೆ ಎರಡನೆಯ ತಲೆಮಾರಿಗೆ ದಾರಿ ತಪ್ಪುವುದು ಸಹಜ. ಸಂಬಂಧದ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುವುದನ್ನೇ ಬಿಟ್ಟು, ಗಂಡಿಗೆ ಅಧಿಕ ಚಿಹ್ನೆ, ಹೆಣ್ಣಿಗೆ ಋಣ ಚಿಹ್ನೆ, ದಂಪತಿಗೆ ಜೋಡಿಗೆರೆ, ತಲೆಮಾರಿಗೊಂದು ಸಾಲು ಎಂದು ಚಿತ್ರ ಬರೆದು, ಕೊನೆಯಲ್ಲಿ ಮಾತ್ರ ಹೆಸರಿಡಲು ಕಲಿತೆ. ಎರಡನೆಯದು ಹೇಳಿಕೆ ಮತ್ತು ತೀರ್ಮಾನ. ‘ಕೆಲವು’ ಎಂದರೆ ನಮ್ಮ ಮಾತಿನಲ್ಲಿ ‘ಎಲ್ಲವೂ ಅಲ್ಲ’ ಎಂಬ ಅರ್ಥ ತಾನಾಗಿ ಸೇರಿಕೊಳ್ಳುತ್ತದೆ, ತರ್ಕದ ಪ್ರಶ್ನೆಯಲ್ಲಿ ಅದಕ್ಕೆ ‘ಕನಿಷ್ಠ ಒಂದು’ ಎಂಬಷ್ಟೇ ಅರ್ಥ. ‘ಎಲ್ಲ ಮಾವುಗಳು ಹಣ್ಣುಗಳು’ ಎಂಬುದರಿಂದ ‘ಕೆಲವು ಮಾವುಗಳು ಹಣ್ಣುಗಳು’ ಎಂಬ ತೀರ್ಮಾನ ಸರಿ ಎಂದು ಒಪ್ಪಿಕೊಳ್ಳಲು ಮಾವಿಗೆ ಹೆಸರಾದ ಶ್ರೀನಿವಾಸಪುರದವಳಾದ ನನಗೆ ವಾರ ಹಿಡಿಯಿತು.

ದಿಕ್ಕು, ಸಂಕೇತ, ಸಂಖ್ಯಾಸರಣಿ ಇವುಗಳಿಗೆ ಅಭ್ಯಾಸ ಬಿಟ್ಟರೆ ಹೇಳುವಂಥದ್ದು ನನ್ನಲ್ಲಿ ಇಲ್ಲ. ಕ್ಯಾಲೆಂಡರ್ ಲೆಕ್ಕ ಮಾತ್ರ ನನಗೆ ಆಟದಂತಾಯಿತು. 1950ರ ಜನವರಿ 26, ಮೈಸೂರು ರಾಜ್ಯ ಏಕೀಕರಣಗೊಂಡ 1956ರ ನವೆಂಬರ್ 1, ಅದು ಕರ್ನಾಟಕವೆಂದು ಹೆಸರಾದ 1973ರ ನವೆಂಬರ್ 1, ಮೂರೂ ಗುರುವಾರ. ಈ ಮೂರನ್ನು ನೆನಪಿಟ್ಟುಕೊಂಡರೆ ಸ್ವಾತಂತ್ರ್ಯಾನಂತರದ ಯಾವ ದಿನಕ್ಕೂ ಹತ್ತಿರದ ಗುರುವಾರದಿಂದ ಹೆಜ್ಜೆ ಹಾಕಬಹುದು. 1956ರಿಂದ 1973ಕ್ಕೆ 17 ವರ್ಷ, ವರ್ಷಕ್ಕೊಂದು ವಾರದ ದಿನ ಮುಂದೆ ಸರಿಯುವುದರಿಂದ 17, ನಡುವೆ ನಾಲ್ಕು ಅಧಿಕ ದಿನ, ಒಟ್ಟು 21, ಏಳರಿಂದ ಭಾಗಿಸಿದರೆ ಶೇಷ ಸೊನ್ನೆ.

ಸಾಮಾನ್ಯ ಜ್ಞಾನದಲ್ಲಿ ತಪ್ಪಿದ ಟಿಕ್‌ಗಳು ನನಗೆ ನಾಚಿಕೆ ತರಿಸಿದವು, ಏಕೆಂದರೆ ಅವುಗಳಲ್ಲಿ ಹಲವು ನಮ್ಮದೇ ಸೀಮೆಯವು. ನಂದಿಬೆಟ್ಟ, ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ, ವಿದುರಾಶ್ವತ್ಥ, ಇವೆಲ್ಲ ಅಪ್ಪನ ಬಾಯಲ್ಲಿ ಇಂದಿಗೂ ಕೋಲಾರ ಜಿಲ್ಲೆ, ನಾನು ಕೊಂಡಿದ್ದ ಹಳೆಯ ಗೈಡಿನಲ್ಲೂ ಹಾಗೆಯೇ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು ನನಗೆ ಗೊತ್ತೇ ಇತ್ತು, ಆದರೂ ಕೈ ಕೋಲಾರದ ಮೇಲೆ ಹೋಗಿತ್ತು. ಅಂದಿನಿಂದ ಬಿಡಿ ಇಸವಿಗಳನ್ನು ಬಾಯಿಪಾಠ ಮಾಡುವುದನ್ನು ನಿಲ್ಲಿಸಿ, ಒಂದು ಊರಿನಿಂದ ಎಳೆ ಹಿಡಿದು ಹೋಗುವ ಕ್ರಮ ಹಿಡಿದೆ. ಕೆಜಿಎಫ್‌ನ ಚಿನ್ನದ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ, ಆ ಯೋಜನೆ ಹೊರಟದ್ದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಬೆಂಗಳೂರಿನ ಬೀದಿಗೆ ಅದೇ ಬೆಳಕು ಬಂದದ್ದು 1905ರಲ್ಲಿ, ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಹಾಗೆಯೇ 1938ರ ಏಪ್ರಿಲ್‌ನಲ್ಲಿ ಮೊದಲು ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳ 25ರಂದು ವಿದುರಾಶ್ವತ್ಥದ ಗೋಲಿಬಾರ್, ಅದರ ಬೆನ್ನಿಗೆ ಪಟೇಲ್–ಮಿರ್ಜಾ ಒಪ್ಪಂದ, ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಕಾಲಾನುಕ್ರಮದಲ್ಲಿ ಜೋಡಿಸಿ ಎಂಬ ಪ್ರಶ್ನೆಗೆ ಇಂಥ ಎಳೆ ಕೊಡುವ ನೆರವನ್ನು ಇಸವಿಗಳ ಪಟ್ಟಿ ಕೊಡುವುದಿಲ್ಲ. ಒಂದು ಕೊಂಡಿ ಮರೆತರೂ ಹಿಂದುಮುಂದಿನವು ಎರಡು ಆಯ್ಕೆಗಳನ್ನಾದರೂ ಹೊಡೆದುಹಾಕುತ್ತವೆ, ಪ್ರಶ್ನೆ ಸೊನ್ನೆಯಿಂದ ಅರ್ಧಚಂದ್ರಕ್ಕೆ ಬರುತ್ತದೆ.

ಪರೀಕ್ಷೆಯ ದಿನ ಮೊದಲ ಪತ್ರಿಕೆಯಲ್ಲಿ ನೂರಕ್ಕೆ ಆರು, ಎರಡನೆಯದರಲ್ಲಿ ಮೂರು ಮಾತ್ರ ಬಿಟ್ಟೆ. ಇಂಗ್ಲಿಷಿನ 35ರಲ್ಲಿ ಕಿವಿಗೆ ತೀರಾ ಹಿತವಾಗಿ ಕೇಳಿದ ನಾಲ್ಕು ಉತ್ತರಗಳನ್ನು ಓಎಂಆರ್ ತುಂಬುವ ಮೊದಲು ನಿಲ್ಲಿಸಿ ನೋಡಿದೆ, ಮೂರನ್ನು ಬದಲಿಸಿದೆ, ಆ ಮೂರರಲ್ಲಿ ಎರಡು ಸರಿಯಾಗಿದ್ದವು. ಆಯ್ಕೆಪಟ್ಟಿಯಲ್ಲಿ ಹೆಸರು ಬಂತು.

ಈಗ ನನ್ನ ತಮ್ಮ ರೈಲ್ವೆಯ ಎನ್‌ಟಿಪಿಸಿ, ಅಂದರೆ ತಾಂತ್ರಿಕೇತರ ಹುದ್ದೆಗಳ ಪರೀಕ್ಷೆಗೆ ಓದುತ್ತಿದ್ದಾನೆ. ಅಲ್ಲಿ ಮೊದಲ ಹಂತದಲ್ಲಿ 90 ನಿಮಿಷಕ್ಕೆ ನೂರು ಪ್ರಶ್ನೆ, ಇಂಗ್ಲಿಷ್ ವಿಭಾಗವೇ ಇಲ್ಲ, ತಪ್ಪಿಗೆ ಮೂರನೆಯ ಒಂದು ಅಂಕ ಕಡಿತ. ಹೀಗಾಗಿ ಕುರುಡು ಊಹೆಯಿಂದ ಉಳಿಯುವುದು ಸರಿಯಾಗಿ ಸೊನ್ನೆ. ‘ಅಕ್ಕ, ನಿನ್ನ ನೋಟ್‌ಬುಕ್ ಕೊಡು, ಅದರಂತೆಯೇ ಮಾಡ್ತೀನಿ’ ಎಂದು ಬಂದಿದ್ದ. ಗೆರೆ ಹಾಕಿದ ಖಾಲಿ ಹಾಳೆಗಳನ್ನಷ್ಟೇ ಹರಿದುಕೊಟ್ಟೆ. ಐದು ಪತ್ರಿಕೆ ಮುಗಿಸಿದ್ದಾನೆ. ರಕ್ತಸಂಬಂಧದಲ್ಲಿ ಅವನದು ಒಂದೂ ತಪ್ಪಿಲ್ಲ, ತಪ್ಪಿದ ಟಿಕ್‌ಗಳೆಲ್ಲ ಶೇಕಡಾವಾರು ಲೆಕ್ಕದಲ್ಲಿವೆ.