ಹರಿದು ತೆಗೆಯೋಕೇ ಇರುವ ಹಾಳೆ: ನೋಟ್‌ಪ್ಯಾಡನ್ನು ದಿನಾ ಬಳಸೋದು ಹೇಗೆ

ಮೇಜಿನ ಡ್ರಾಯರ್ ಒಮ್ಮೆ ತೆಗೆದು ನೋಡಿ. ಯಾವುದೋ ಸಭೆಯಲ್ಲಿ ಕೊಟ್ಟಿದ್ದು, ಯಾರೋ ಉಡುಗೊರೆಯಾಗಿ ಕೊಟ್ಟಿದ್ದು, ಚೆನ್ನಾಗಿದೆ ಅಂತ ನಾವೇ ಕೊಂಡು ತಂದಿದ್ದು, ಹೀಗೆ ಎರಡು ಮೂರು ನೋಟ್‌ಪ್ಯಾಡ್ ಸುಮ್ನೆ ಬಿದ್ದಿರುತ್ತವೆ. ಮೊದಲ ಹಾಳೆಯಲ್ಲಿ ಒಂದು ಫೋನ್ ನಂಬರ್ ಇರುತ್ತದೆ. ಅದು ಯಾರದ್ದು ಅಂತ ನೆನಪಿರುವುದಿಲ್ಲ.

ನಾನು ತುಂಬಾ ವರ್ಷ ಪ್ಯಾಡನ್ನು ನೋಟ್‌ಬುಕ್ ಥರ ಬಳಸುತ್ತಿದ್ದೆ. ಹಾಳೆ ಹರಿಯೋಕೆ ಮನಸ್ಸೇ ಬರುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಅದರ ಒಂದು ಅಂಚಿಗೆ ಮಾತ್ರ ತೆಳ್ಳಗೆ ಅಂಟು ಹಾಕಿರುವುದೇ ಹರಿಯಲಿ ಅಂತ. ಬರೆದ ಹಾಳೆ ಜೇಬಿಗೆ ಹೋಗಬೇಕು, ಬಾಗಿಲಿಗೆ ಹೋಗಬೇಕು, ಇನ್ನೊಬ್ಬರ ಕೈಗೆ ಹೋಗಬೇಕು, ಕೆಲಸ ಮುಗಿದ ಮೇಲೆ ಕಸದ ಬುಟ್ಟಿಗೆ ಹೋಗಬೇಕು. ಕೆಳಗೆ ಬರೆದಿರುವ ಬಳಕೆಗಳೆಲ್ಲ ಇದೊಂದೇ ಗುಣದ ಮೇಲೆ ನಿಂತಿವೆ.

ಮೊದಲು ಜಾಗದ ಮಾತು. ಎಲ್ಲಿ ಮರೆಯುತ್ತೀರೋ ಅಲ್ಲೇ ಪ್ಯಾಡ್ ಇಡಿ. ಚಪ್ಪಲಿ ಬಿಡುವ ಜಾಗದ ಹತ್ತಿರ ಒಂದು, ಅಡುಗೆಮನೆಯಲ್ಲಿ ಒಂದು, ಹಾಸಿಗೆ ಪಕ್ಕ ಒಂದು. ಪೆನ್ನನ್ನು ದಾರದಲ್ಲಿ ಕಟ್ಟಿಬಿಡಿ, ಯಾಕಂದರೆ ಪೆನ್ ಹುಡುಕುವಷ್ಟರಲ್ಲಿ ಬರೆಯಬೇಕಾಗಿದ್ದು ತಲೆಯಿಂದ ಹೋಗಿರುತ್ತದೆ. ಗೋಡೆಗೆ ನೇತು ಹಾಕುವ ಪ್ಯಾಡ್ ಆದರೆ ಪೆನ್ಸಿಲ್ ಕಟ್ಟಿ. ಬಾಲ್‌ಪೆನ್ನಿನ ಶಾಯಿ ತನ್ನ ಭಾರಕ್ಕೆ ಕೆಳಗೆ ಇಳಿದರೆ ಮಾತ್ರ ಬರೆಯುತ್ತದೆ, ಗೋಡೆಗೆ ಒತ್ತಿ ಬರೆಯುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತದೆ. ನೀರು ತಾಗುವ ಜಾಗದಲ್ಲೂ ಪೆನ್ಸಿಲ್ಲೇ ವಾಸಿ, ಜೆಲ್ ಪೆನ್ನಿನ ಬರಹ ಸಾಮಾನ್ಯವಾಗಿ ಹರಡಿಬಿಡುತ್ತದೆ.

ದಿನದ ಕೆಲಸಕ್ಕೆ ಒಂದು ದಿನಕ್ಕೆ ಒಂದೇ ಹಾಳೆ. ಮೇಲೆ ತಾರೀಕು, ಕೆಳಗೆ ಕೆಲಸಗಳು. ಸಂಜೆ ಉಳಿದ ಕೆಲಸವನ್ನು ಮಾರನೇ ದಿನದ ಹಾಳೆಗೆ ಕೈಯಲ್ಲೇ ಮತ್ತೆ ಬರೆಯಬೇಕು, ಬರೆದ ಮೇಲೆ ಹಳೆಯದನ್ನು ಹರಿದು ಹಾಕಬೇಕು. ಇಲ್ಲೇ ಇದರ ಉಪಯೋಗ ಇರುವುದು. ಫೋನಿನಲ್ಲಿ ಆಗದೇ ಉಳಿದ ಕೆಲಸ ತಾನಾಗಿಯೇ ಮುಂದಿನ ದಿನಕ್ಕೆ ಹೋಗುತ್ತದೆ, ನಮಗೆ ಅದರ ಭಾರ ಗೊತ್ತೇ ಆಗುವುದಿಲ್ಲ. ಕೈಯಲ್ಲಿ ಬರೆದಾಗ ಹಾಗಲ್ಲ. ಒಂದೇ ಸಾಲನ್ನು ಮೂರನೇ ಸಲ ಬರೆಯುವಾಗ ಬೇಸರ ಬಂದೇ ಬರುತ್ತದೆ, ಆಗ ಕೇಳಿಕೊಳ್ಳಿ: ಇದು ನಿಜವಾಗಿ ಮಾಡಬೇಕಾದ ಕೆಲಸವೇ, ಅಥವಾ ತುಂಬಾ ದೊಡ್ಡದಾಗಿರುವುದರಿಂದ ಕೈ ಹಾಕುತ್ತಿಲ್ಲವೇ? ದೊಡ್ಡದಾಗಿದ್ದರೆ ಅದರ ಮೊದಲ ತುಂಡನ್ನು ಮಾತ್ರ ಬರೆಯಿರಿ. ‘ಕಪಾಟು ಸರಿಮಾಡುವುದು’ ಅಂತ ಬರೆದರೆ ವಾರಗಟ್ಟಲೆ ಆಗುವುದಿಲ್ಲ, ‘ಕಪಾಟಿನ ಕೆಳಗಿನ ಒಂದು ಅರೆ ಖಾಲಿ ಮಾಡುವುದು’ ಅಂದರೆ ಇವತ್ತೇ ಆಗುತ್ತದೆ.

ಈ ಪಟ್ಟಿಯನ್ನು ರಾತ್ರಿ ಮಲಗುವ ಮುಂಚೆ ಬರೆದರೆ ಇನ್ನೂ ಒಂದು ಲಾಭ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ 57 ಮಂದಿ ಮಲಗುವ ಮುಂಚೆ 5 ನಿಮಿಷ ಬರೆದರು. ಅರ್ಧ ಜನ ಮುಂದೆ ಮಾಡಬೇಕಾದ ಕೆಲಸಗಳನ್ನು, ಉಳಿದವರು ಆಗಲೇ ಮುಗಿಸಿದ್ದನ್ನು. ಮಾಡಬೇಕಾದ್ದನ್ನು ಬರೆದವರು ಸರಾಸರಿ 9 ನಿಮಿಷ ಬೇಗ ನಿದ್ದೆಹೋದರು, ವಿವರವಾಗಿ ಬರೆದವರು ಇನ್ನೂ ಬೇಗ. ಚಿಕ್ಕ ಅಧ್ಯಯನ ನಿಜ, ಆದರೆ ನನ್ನ ಅನುಭವವೂ ಹಾಗೇ ಇದೆ. ಹಾಸಿಗೆ ಪಕ್ಕದ ಪ್ಯಾಡಿಗೆ ಇಳಿಸಿದ ಮೇಲೆ ತಲೆ ಸುಮ್ಮನಾಗುತ್ತದೆ.

ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದಾಗ ಪ್ಯಾಡ್ ಎಷ್ಟು ಬೇಕಾಗುತ್ತದೆ ಅನ್ನುವುದನ್ನು ಒತ್ತಿ ಹೇಳಬೇಕು. ಅಮ್ಮನಿಗೆ ಆಪರೇಷನ್ ಆದ ಮೇಲೆ ನಾನು, ತಂಗಿ, ಅಪ್ಪ ಮೂವರೂ ಸರದಿಯಲ್ಲಿ ನೋಡಿಕೊಳ್ಳುತ್ತಿದ್ದೆವು. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಮಾತ್ರೆ ತೆಗೆದು ನೀರು ಹಿಡಿದು ಹೋಗಿದ್ದೆ. ಪಕ್ಕದ ಪ್ಯಾಡಿನಲ್ಲಿ ತಂಗಿ ಅರ್ಧ ಗಂಟೆ ಮುಂಚೆ ಅದೇ ಮಾತ್ರೆ ಕೊಟ್ಟಿದ್ದು ಬರೆದಿದ್ದಳು. ಅವತ್ತು ಆ ಸಾಲು ಇಲ್ಲದೇ ಹೋಗಿದ್ದರೆ ಅಂತ ಈಗಲೂ ಎದೆ ಝಲ್ ಅನ್ನುತ್ತದೆ. ಹಾಳೆಗೆ ನಾಲ್ಕು ಗೆರೆ ಹಾಕಿ: ಸಮಯ, ಮಾತ್ರೆಯ ಹೆಸರು, ಎಷ್ಟು, ಯಾರು ಕೊಟ್ಟರು. ನುಂಗಿದ ಮೇಲೆ ಬರೆಯಬೇಕು, ಕೊಡುವ ಮುಂಚೆ ಅಲ್ಲ. ಜ್ವರ ಇದ್ದರೆ ಅದೇ ಹಾಳೆಯಲ್ಲಿ ಗಂಟೆ ಮತ್ತು ಎಷ್ಟಿತ್ತು ಅಂತ ಬರೆದುಕೊಳ್ಳಿ, ‘ಯಾವಾಗಿನಿಂದ ಜ್ವರ?’ ಅಂತ ಡಾಕ್ಟರ್ ಕೇಳಿದಾಗ ನೆನಪು ಮಾಡಿಕೊಳ್ಳುವ ಕಷ್ಟ ಇರುವುದಿಲ್ಲ. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳಿಗೆ ಬೇರೆ ಹಾಳೆ ಇಡಿ, ಪ್ರತಿ ಪ್ರಶ್ನೆಯ ಕೆಳಗೆ ಮೂರು ಸಾಲು ಖಾಲಿ ಬಿಡಿ, ಅವರು ಹೇಳಿದ್ದನ್ನು ಅಲ್ಲೇ ಬರೆಯಿರಿ. ಆ ಹೊತ್ತಿನ ಗಾಬರಿಯಲ್ಲಿ ಕಿವಿಗೆ ಬಿದ್ದಿದ್ದೆಲ್ಲ ಉಳಿಯುವುದಿಲ್ಲ ಅಲ್ವಾ?

ಇನ್ನು ಕೈಕೆಲಸ. ಸ್ಕ್ರೂ ಬಿಚ್ಚಿ ಏನಾದರೂ ರಿಪೇರಿ ಮಾಡುವಾಗ ಪ್ಯಾಡಿನಷ್ಟು ನೆರವಾಗುವುದು ಇನ್ನೊಂದಿಲ್ಲ. ಬಿಚ್ಚುವ ವಸ್ತುವಿನ ಆಕಾರವನ್ನು ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳಿ, ಚಿತ್ರ ಚೆನ್ನಾಗಿರಬೇಕಾಗಿಲ್ಲ, ಯಾವುದು ಮೇಲೆ ಯಾವುದು ಕೆಳಗೆ ಅಂತ ಗೊತ್ತಾದರೆ ಸಾಕು. ಒಂದೊಂದು ಸ್ಕ್ರೂ ತೆಗೆದ ಹಾಗೆ ಅದು ಎಲ್ಲಿತ್ತೋ ಚಿತ್ರದಲ್ಲಿ ಅದೇ ಜಾಗಕ್ಕೆ ಟೇಪ್‌ನಿಂದ ಅಂಟಿಸಿ, ಪಕ್ಕದಲ್ಲಿ 1, 2, 3 ಅಂತ ಬಿಚ್ಚಿದ ಕ್ರಮ ಬರೆಯಿರಿ. ಮತ್ತೆ ಜೋಡಿಸುವಾಗ ಆ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹಿಡಿದುಕೊಂಡು ಬಂದರೆ ಆಯಿತು. ನೋಡೋಕೆ ಒಂದೇ ಥರ ಇರುವ ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಚಿಕ್ಕದು ಹೋಗಬೇಕಾದ ಕಡೆ ಉದ್ದದ್ದು ಹಾಕಿ ತಿರುಗಿಸಿದರೆ ಒಳಗಿನ ಭಾಗ ಒಡೆಯಬಹುದು, ಹಾಗಾಗಿ ಈ ಐದು ನಿಮಿಷ ದಂಡ ಅಂತ ಅಂದುಕೊಳ್ಳಬೇಡಿ.

ಗೋಡೆಗೆ ತೂತು ಕೊರೆಯುವಾಗಲೂ ಒಂದು ಹಾಳೆ ಬೇಕು. ಹಾಳೆಯನ್ನು ಉದ್ದಕ್ಕೆ ಮಡಚಿ ಸಣ್ಣ ತೊಟ್ಟಿಯ ಥರ ಮಾಡಿ, ತೂತಿನ ಜಾಗದ ಸ್ವಲ್ಪ ಕೆಳಗೆ ಟೇಪ್ ಹಾಕಿ ಅಂಟಿಸಿ. ಉದುರುವ ಪುಡಿಯಲ್ಲಿ ಜಾಸ್ತಿ ಪಾಲು ಅದರೊಳಗೆ ಬೀಳುತ್ತದೆ. ಎರಡು ಮೊಳೆಗೆ ಸಿಕ್ಕಿಸುವ ಚೌಕಟ್ಟು ಆದರೆ, ಅದರ ಹಿಂದೆ ಹಾಳೆ ಹಿಡಿದು ತೂತುಗಳ ಗುರುತು ಮಾಡಿಕೊಂಡು, ಆ ಹಾಳೆಯನ್ನೇ ಗೋಡೆಗೆ ಅಂಟಿಸಿ ಗುರುತಿನ ಮೇಲೆ ಕೊರೆಯಿರಿ. ಟೇಪು ಅಳತೆ ಕೈಗೆ ಸಿಗದಿದ್ದರೆ ಪ್ಯಾಡೇ ಅಳತೆಗೋಲು: ಎ5 ಹಾಳೆ 148 ಮತ್ತು 210 ಮಿಲಿಮೀಟರ್, ಎ6 ಅಂದರೆ ಅದರ ಅರ್ಧ, 105 ಮತ್ತು 148. ಸುಮಾರು ಅಳತೆಗೆ ಇಷ್ಟು ಸಾಕು.

ಬಿಲ್ಲುಗಳ ಬಗ್ಗೆ ಒಂದು ಚಿಕ್ಕ ಮಾತು. ನುಣುಪಾದ ಬಿಲ್ಲಿನ ಕಾಗದ ಬಿಸಿಯಿಂದ ಅಕ್ಷರ ಮೂಡಿಸುವ ಥರದ್ದು, ಬಿಸಿಲಿಗೂ ಶಾಖಕ್ಕೂ ಮಾಸಿಹೋಗುತ್ತದೆ. ವಸ್ತು ಕೊಂಡ ದಿನವೇ ತಾರೀಕು, ವಾರಂಟಿ ಎಲ್ಲಿಯವರೆಗೆ, ಮಾಡೆಲ್ ನಂಬರ್ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಬಿಲ್ಲಿನ ಫೋಟೋ ಜೊತೆ ಕೈಪಿಡಿಯೊಳಗೆ ಇಡಿ.

ಮಕ್ಕಳಿದ್ದರೆ ಪ್ಯಾಡಿನಲ್ಲಿ ಓಡುವ ಚಿತ್ರ ಮಾಡಿಸಿ, ಅಂದರೆ ಹಾಳೆಗಳನ್ನು ಸರಸರ ಬಿಟ್ಟಾಗ ಚಲಿಸುವ ಹಾಗೆ ಕಾಣುವ ಚಿತ್ರ. ಇದಕ್ಕೆ ಇಂಗ್ಲೆಂಡಿನ ಜಾನ್ ಬಾರ್ನ್ಸ್ ಲಿನೆಟ್ ಅನ್ನುವವರು 1868ರಲ್ಲೇ ಪೇಟೆಂಟ್ ಪಡೆದಿದ್ದರು, ಸಿನಿಮಾ ಹುಟ್ಟುವ ಮುಂಚೆ. ಒಂದು ಅಂಚು ಅಂಟಿರುವುದರಿಂದ ಚಿಕ್ಕ ಪ್ಯಾಡ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕೊನೆಯ ಹಾಳೆಯಿಂದ ಶುರು ಮಾಡಿ. ಅದರಲ್ಲಿ ಚೆಂಡು ಬರೆದು ಮೇಲಿನ ಹಾಳೆ ಇಳಿಸಿದರೆ ಕೆಳಗಿನ ಚಿತ್ರ ಮಸುಕಾಗಿ ಕಾಣುತ್ತದೆ, ಚೆಂಡನ್ನು ಕೂದಲೆಳೆಯಷ್ಟು ಸರಿಸಿ ಬರೆಯಿರಿ. ಹೀಗೆ 36 ಹಾಳೆ ಆದರೆ, ಸೆಕೆಂಡಿಗೆ 12 ಹಾಳೆಯ ವೇಗದಲ್ಲಿ ಹೆಬ್ಬೆರಳಿನಿಂದ ಬಿಟ್ಟಾಗ 3 ಸೆಕೆಂಡಿನ ಓಟ ಸಿಗುತ್ತದೆ. ಮೂರು ಸೆಕೆಂಡೇನಾ ಅನ್ನಬೇಡಿ, ತಾನು ಬರೆದ ಚೆಂಡು ಪುಟಿಯುವುದನ್ನು ನೋಡಿದ ಮಗುವಿನ ಮುಖ ನೋಡಿ ಸಾಕು. ಈ ಒಂದು ಪ್ಯಾಡಿನ ಹಾಳೆಯನ್ನು ಮಾತ್ರ ಹರಿಯಬೇಡಿ.

ಯಾವುದಕ್ಕೆ ಪ್ಯಾಡ್ ಬೇಡ ಅಂತಲೂ ಹೇಳಿಬಿಡುತ್ತೇನೆ. ಪಾಸ್‌ವರ್ಡ್ ಬರೆಯಬೇಡಿ. ಒತ್ತಿ ಬರೆದಿದ್ದರೆ ಹರಿದ ಮೇಲೂ ಕೆಳಗಿನ ಹಾಳೆಯಲ್ಲಿ ಅಚ್ಚು ಉಳಿದಿರುತ್ತದೆ, ಪೆನ್ಸಿಲ್ ಉಜ್ಜಿದರೆ ಓದಬಹುದು. ವರ್ಷಗಟ್ಟಲೆ ಇಟ್ಟುಕೊಳ್ಳಬೇಕಾದ ಲೆಕ್ಕವೂ ಬೇಡ, ಅದಕ್ಕೆ ಹೊಲಿದ ಪುಸ್ತಕ ಇರಲಿ.

ಪ್ಯಾಡನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಬದಿ ಮಾತ್ರ ಪ್ರಿಂಟ್ ಆದ ಹಾಳೆಗಳನ್ನು ಸೇರಿಸಿ, ಖಾತೆ ನಂಬರ್, ವಿಳಾಸ ಇರುವವನ್ನು ತೆಗೆದುಬಿಡಿ, ಪಿನ್ನುಗಳನ್ನೂ ಕಿತ್ತುಬಿಡಿ. ಎಲ್ಲ ಹಾಳೆಗಳ ಖಾಲಿ ಬದಿ ಮೇಲೆ ಬರಲಿ. ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿದರೆ ಎ6 ಆಗುತ್ತದೆ, ಕೈಯಲ್ಲಿ ಹಿಡಿಯಲು ಸರಿಯಾದ ಅಳತೆ. ಸುಮಾರು 50 ಹಾಳೆ ಒಟ್ಟು ಮಾಡಿ, ಕೆಳಗೆ ರಟ್ಟು ಇಟ್ಟು, ಮೇಜಿನ ಮೇಲೆ ಕುಟ್ಟಿ ಒಂದು ಅಂಚನ್ನು ಸಮ ಮಾಡಿ. ಈ ಹಂತದಲ್ಲಿ ಅವಸರ ಬೇಡ, ಒಳಗೆ ಸರಿದ ಹಾಳೆಗೆ ಅಂಟು ತಾಗುವುದಿಲ್ಲ, ಆಮೇಲೆ ಅದು ಉದುರಿಬೀಳುತ್ತದೆ. ಮೇಲೆ ಭಾರ ಇಟ್ಟು, ಅಂಚಿಗೆ ಮರಗೆಲಸದ ಬಿಳಿ ಅಂಟನ್ನು ಬ್ರಷ್‌ನಿಂದ ತೆಳ್ಳಗೆ ಹಚ್ಚಿ. ಒಣಗಿದ ಮೇಲೆ ಇನ್ನೊಂದು ಸಲ. ರಾತ್ರಿಯಿಡೀ ಹಾಗೇ ಬಿಡಿ. ದಪ್ಪ ಹಚ್ಚಿದರೆ ಅಂಟು ಹಾಳೆಗಳ ನಡುವೆ ಇಳಿದು, ಹರಿಯುವಾಗ ಕಾಗದ ಕಿತ್ತುಬರುತ್ತದೆ.

ಕೆಳಗಿನಿಂದ ಐದನೇ ಹಾಳೆಯ ಮೇಲೆ ಈಗಲೇ ‘ಹೊಸ ಪ್ಯಾಡ್ ಮಾಡು’ ಅಂತ ಬರೆದಿಡಿ. ಹಾಳೆ ಖಾಲಿಯಾದ ಮೇಲೆ ಉಳಿಯುವ ರಟ್ಟನ್ನು ಎಸೆಯಬೇಡಿ, ಮುಂದಿನದಕ್ಕೆ ಅದೇ ಆಗುತ್ತದೆ.