ಜ್ವರ ಬರುತ್ತೆ ಅಂತ ಮೊದಲೇ ಹೇಳಿ

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಶುರುವಾದಾಗ ಮೊದಲ ಸಾಲು ಆಸ್ಪತ್ರೆಯವರದು. ನಾನು ಚಿತ್ರದುರ್ಗದ ಕಡೆ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಿಜ ಹೇಳ್ತೀನಿ, ನಾವೇ ಹಿಂದೇಟು ಹಾಕಿದ್ದೆವು. "ನೀವು ಮೊದಲು ಹೋಗಿ, ನಾನು ಊಟ ಮಾಡ್ಕೊಂಡು ಬರ್ತೀನಿ" ಅಂತ ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದೆವು. ನನ್ನ ಸರದಿ ಮುಗಿದ ರಾತ್ರಿ ಚಳಿಜ್ವರ ಬಂತು. ಮಾತ್ರೆ ನುಂಗಿ ಮಲಗಿದೆ. ಮರುದಿನ ರಜೆ ಸಿಕ್ಕಿತು, ಸಂಬಳವೇನೂ ಕಟ್ ಆಗಲಿಲ್ಲ. ಸಂಬಳದ ವಿಷಯ ಆಗ ನನ್ನ ತಲೆಗೆ ಬರಲೂ ಇಲ್ಲ.

ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಲಸಿಕೆ ಬಂತು. ಸೂಜಿ ಚುಚ್ಚುವುದು ಅರ್ಧ ನಿಮಿಷದ ಕೆಲಸ. ತಲೆನೋವು ಇದ್ದದ್ದು ವಯಲ್, ಅಂದರೆ ಲಸಿಕೆ ಸೀಸೆಯ ಲೆಕ್ಕದಲ್ಲಿ. ಕೋವಿಶೀಲ್ಡ್‌ನ ಒಂದು ವಯಲ್ ಅಂದರೆ 5 ಎಂಎಲ್, ಹತ್ತು ಜನಕ್ಕೆ ಅರ್ಧರ್ಧ ಎಂಎಲ್. ಕೈ ಪಳಗಿದವರಿಗೆ ಕೆಲವೊಮ್ಮೆ ಹನ್ನೊಂದನೆಯದೂ ಸಿಗುತ್ತಿತ್ತು. ಮುಚ್ಚಳಕ್ಕೆ ಸೂಜಿ ಹಾಕಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಎಸೆಯಬೇಕು. ಹಾಗಾಗಿ ತೆರೆದ ಹೊತ್ತನ್ನು ವಯಲ್ ಮೇಲೆ ಪೆನ್ನಿನಲ್ಲಿ ಬರೆದಿಡುತ್ತಿದ್ದೆವು. ಏಳು ಜನ ಬಂದು ಕೂತಿದ್ದಾರೆ, ಎಂಟನೆಯವರ ಸುಳಿವಿಲ್ಲ. ತೆರೆಯೋದಾ ಬೇಡವಾ? ಕಾಯಿಸಿದರೆ ಆ ಏಳು ಜನವೂ ಎದ್ದು ಹೋಗುತ್ತಾರೆ. ಒಂದು ಸಂಜೆ ತೆರೆದ ವಯಲ್‌ನಲ್ಲಿ ಮೂರು ಡೋಸ್ ಉಳಿದಿತ್ತು. ನಮ್ಮ ಡಿ ಗ್ರೂಪ್‌ನವರೊಬ್ಬರು ಎದುರಿನ ಆಟೋ ಸ್ಟ್ಯಾಂಡಿಗೆ ಓಡಿಹೋಗಿ ಇಬ್ಬರು ಡ್ರೈವರುಗಳನ್ನೂ ಒಬ್ಬ ಎಳನೀರು ಮಾರುವವರನ್ನೂ ಕರೆತಂದರು. ಎಳನೀರಿನವರು ಮಚ್ಚು ಸಮೇತ ಬಂದು ಕೂತಿದ್ದರು.

ನಾನು ಮಾಡಿದ ತಪ್ಪು ಬೇರೆ ಇದೆ. ಮೊದಲ ವಾರ ಕೇಳಿದವರಿಗೆಲ್ಲ "ಏನೂ ಆಗಲ್ಲ, ಹೆದರಬೇಡಿ" ಅಂತಲೇ ಹೇಳುತ್ತಿದ್ದೆ. ಧೈರ್ಯ ತುಂಬುವುದೆಂದರೆ ಅದೇ ಅಂದುಕೊಂಡಿದ್ದೆ. ಲಸಿಕೆ ಹಾಕಿಸಿಕೊಂಡ ಮೂರನೆಯ ದಿನ ಒಬ್ಬ ಅಜ್ಜಿ ನೇರ ಲಸಿಕೆ ಕೋಣೆಗೇ ಬಂದರು.

"ಏನೂ ಆಗಲ್ಲ ಅಂದ್ಯಲ್ಲಮ್ಮ ಸಿಸ್ಟ್ರೇ? ಎಲ್ಡು ದಿನ ಎದ್ದು ಕುಂತಿಲ್ಲ. ಖಾತ್ರಿ ಕೆಲಸದ ದುಡ್ಡು ನೀ ಕೊಡ್ತೀಯಾ?"

ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 289 ರೂಪಾಯಿ. ಎರಡು ದಿನಕ್ಕೆ 578. ಸರದಿಯಲ್ಲಿ ಕೂತವರೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಇಬ್ಬರು ಹೆಂಗಸರು ಎದ್ದು ಹೋದರು. ನನ್ನ ಬಳಿ ಉತ್ತರ ಇರಲಿಲ್ಲ. ಜನ ಸಾವಿಗೆ ಹೆದರುತ್ತಿದ್ದಾರೆ, ವಾಟ್ಸಾಪ್ ವದಂತಿಗೆ ಹೆದರುತ್ತಿದ್ದಾರೆ ಅಂತ ನಾವು ಭಾಷಣ ಮಾಡುತ್ತಿದ್ದೆವು. ಹಾಗೆ ಹೆದರಿದವರೂ ಇದ್ದರು, ಇಲ್ಲ ಅನ್ನಲ್ಲ. ಆದರೆ ನಮ್ಮ ಕಡೆ ಜಾಸ್ತಿ ಜನಕ್ಕೆ ಇದ್ದದ್ದು ಕೂಲಿಯ ಚಿಂತೆ.

ಅಷ್ಟರಲ್ಲಿ ಎರಡನೇ ಅಲೆ ಬಂತು. ಆ ದಿನಗಳ ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಿಲ್ಲ. ಜ್ವರದ ಕ್ಲಿನಿಕ್ಕನ್ನು ಹಿಂದಿನ ಗೇಟಿಗೆ ಹಾಕಿದೆವು, ಲಸಿಕೆಯನ್ನು ಆಸ್ಪತ್ರೆಯಿಂದ ಎತ್ತಿ ಪಕ್ಕದ ಶಾಲೆಗೆ ಹಾಕಿದೆವು. ಕೆಮ್ಮುವವರೂ ಲಸಿಕೆಗೆ ಬಂದವರೂ ಒಂದೇ ಬಾಗಿಲಲ್ಲಿ ನುಗ್ಗಿದರೆ ಲಸಿಕೆ ಕೋಣೆಯಿಂದಲೇ ಸೋಂಕು ಹಬ್ಬುತ್ತದೆ, ಅಲ್ವಾ? ರಾತ್ರಿ ಪಾಳಿಯಲ್ಲಿ ಆಮ್ಲಜನಕದ ಲೆಕ್ಕ. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಒಂದು ಜಂಬೋ ಸಿಲಿಂಡರ್ ಹನ್ನೊಂದು ಗಂಟೆ ಚಿಲ್ಲರೆ ಬರುತ್ತದೆ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಿದ್ದೆವು. ಬೆಳಿಗ್ಗೆ ಶಾಲೆಯಲ್ಲಿ ನೂರು ಟೋಕನ್‌ಗೆ ಮುನ್ನೂರು ಜನ. ಹೋದ ತಿಂಗಳು ಬೇಡ ಅಂದವರೇ ಈಗ ಬೇಕು ಅಂತ ಜಗಳಕ್ಕೆ ನಿಂತಿದ್ದರು. ಮೇ 13ಕ್ಕೆ ಕೋವಿಶೀಲ್ಡ್‌ನ ಎರಡು ಡೋಸ್ ನಡುವಿನ ಅಂತರ 12ರಿಂದ 16 ವಾರ ಆಯಿತು. ಎರಡನೇ ಡೋಸಿಗೆ ಅಂತ ಬಂದವರನ್ನು ವಾಪಸ್ ಕಳಿಸಿ ಬೈಗುಳ ತಿಂದದ್ದೂ ನಾವೇ.

ಜೂನ್‌ನಲ್ಲಿ ಅಲೆ ಇಳಿಯಿತು. ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ಕೈ ಸಾಲದೆ ನಮ್ಮನ್ನೂ ಕಳಿಸಿದರು. ಲಸಿಕೆ ತಣ್ಣಗಿಟ್ಟು ಒಯ್ಯುವ ಪೆಟ್ಟಿಗೆ, ವ್ಯಾಕ್ಸಿನ್ ಕ್ಯಾರಿಯರ್‌ನಲ್ಲಿ ನಾಲ್ಕು ಐಸ್ ಪ್ಯಾಕ್ ಇರುತ್ತವೆ. ಫ್ರೀಜರ್‌ನಿಂದ ತೆಗೆದ ಕೂಡಲೇ ಒಳಗಿಟ್ಟರೆ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಹೊರಗೆ ಬೆವರಲು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆ ಜೋಡಿಸಬೇಕು. ಬೆಳಗಿನ ಜಾವ ಐದಕ್ಕೆ ಟೇಬಲ್ ಮುಂದೆ ನಿಂತು ಐಸ್ ಪ್ಯಾಕ್‌ಗೆ ಕಿವಿಗೊಡುತ್ತಿದ್ದ ನನ್ನನ್ನು ನೋಡಿ ವಾಚ್‌ಮನ್ ನಗುತ್ತಿದ್ದರು.

ಯಾವ ದಿನ ಯಾವ ಹಳ್ಳಿ ಅನ್ನುವುದು ಆವರೆಗೆ ನಮ್ಮ ಅನುಕೂಲದ ಮೇಲೆ ನಡೆಯುತ್ತಿತ್ತು. ಒಬ್ಬ ಆಶಾ ಕಾರ್ಯಕರ್ತೆ ಹೇಳಿದರು: "ಮೇಡಂ, ಭಾನುವಾರ ಇಟ್ಕೊಳ್ಳಿ. ಸೋಮವಾರ ಎತ್ತಿಗೆ ನೊಗ ಇಡಲ್ಲ, ಹೊಲದ ಕೆಲಸ ಕಮ್ಮಿ. ಜ್ವರ ಬಂದ್ರೆ ಮನೇಲೇ ಬರ್ಲಿ." ಇಷ್ಟು ಸರಳವಾದದ್ದು ನಮಗೆ ಹೊಳೆದೇ ಇರಲಿಲ್ಲ. ನಮ್ಮ ಭಾನುವಾರದ ರಜೆ ಹೋಯಿತು, ಮನೆಯಲ್ಲಿ ಬೈಸಿಕೊಂಡೆ, ಅದು ಬೇರೆ ಮಾತು. ಹೊಲಕ್ಕೆ ಹೋಗುವ ಮುಂಚೆ ಬೆಳಿಗ್ಗೆ ಆರಕ್ಕೇ ಗುಡಿ ಕಟ್ಟೆ ಮೇಲೆ ಕೂರುತ್ತಿದ್ದೆವು. ಹತ್ತು ಜನ ಸೇರಿದ್ದಾರಾ ಅಂತ ಆಶಾ ಹಿಂದಿನ ಸಂಜೆಯೇ ನೋಡಿಕೊಂಡಿರುತ್ತಿದ್ದರು. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಕೂರಿಸುತ್ತಿದ್ದೆವಲ್ಲ, ಆಗ ನಾನು ಹೇಳುತ್ತಿದ್ದದ್ದು ಒಂದೇ: "ಇವತ್ತು ರಾತ್ರಿ ಜ್ವರ, ಮೈಕೈ ನೋವು ಬರಬಹುದು. ಬಂದರೆ ಈ ಮಾತ್ರೆ. ಎರಡು ದಿನ ಆದ್ರೂ ಬಿಡದಿದ್ರೆ ನನಗೆ ಫೋನ್ ಮಾಡಿ." ಸೋಮವಾರ ಸಂಜೆ ಆಶಾ ಮನೆಮನೆಗೆ ಹೋಗಿ ಕೇಳಿಕೊಂಡು ಬರುತ್ತಿದ್ದರು.

ಲಸಿಕೆ ನೋಂದಣಿಯ ಸರ್ಕಾರಿ ಜಾಲತಾಣ ಕೋವಿನ್‌ನಲ್ಲಿ ಹೆಸರು ಹಾಕುವಾಗ ಇನ್ನೊಂದು ರಗಳೆ. ಓಟಿಪಿ ಕೇಳಿದರೆ ಒಬ್ಬ ಯಜಮಾನರು ಫೋನನ್ನು ಜೇಬಿಗೆ ಇಟ್ಟುಕೊಂಡರು. "ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ಬ್ಯಾಂಕಿನೋರು ಹೇಳವ್ರೆ." ತಪ್ಪೇನಿದೆ ಅವರದು? ಅವರ ಮಗನಿಗೆ ಫೋನ್ ಮಾಡಿಸಿ ಒಪ್ಪಿಸಬೇಕಾಯಿತು. ನೆಟ್‌ವರ್ಕ್ ಇಲ್ಲದ ಹಟ್ಟಿಗಳಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಊರಿಗೆ ಬಂದು ಏರಿಸುತ್ತಿದ್ದೆವು.

ಜುಲೈನ ಒಂದು ಭಾನುವಾರ, ಕಡಲೆಕಾಯಿ ಬಿತ್ತನೆ ಜೋರಾಗಿದ್ದಾಗ, ಆ 578 ರೂಪಾಯಿಯ ಅಜ್ಜಿಯ ಊರು ಬಂತು. ಅವರು ಬರುತ್ತಾರೆ ಅಂದುಕೊಂಡಿರಲಿಲ್ಲ. ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ್ದ ಆಧಾರ್ ಕಾರ್ಡ್ ಬಿಚ್ಚಿ ನನ್ನ ಮುಂದೆ ಇಟ್ಟರು. ನನ್ನ ಗುರುತು ಹಿಡಿದರೋ ಇಲ್ಲವೋ, ತೋರಿಸಿಕೊಳ್ಳಲಿಲ್ಲ. ತೋಳು ಚಾಚುವ ಮೊದಲು ಒಂದೇ ಪ್ರಶ್ನೆ ಕೇಳಿದರು.

"ಈ ಸಲ ಮಾತ್ರೆ ಎಷ್ಟು ಕೊಡ್ತೀಯಾ?"

ಆರು ಎಣಿಸಿ ಕೊಟ್ಟೆ. ಇನ್ನೂ ಎರಡು ಇಸ್ಕೊಂಡೇ ಹೋದರು.