ಅಪ್ಪ ತೀರಿಕೊಂಡ ಮೇಲೆ ಅವರ ಬಂದೂಕನ್ನು ಒಪ್ಪಿಸುವುದು ಹೇಗೆ

ಅಪ್ಪ ತೀರಿಕೊಂಡು ಹನ್ನೊಂದು ದಿನ ಆಗಿತ್ತು. ಆಳಂದ ತಾಲೂಕಿನ ನಮ್ಮೂರ ಮನೆಯಲ್ಲಿ ನೆಂಟರು ಊಟ ಮುಗಿಸಿ ಅಂಗಳದಲ್ಲಿ ಅಡ್ಡಾಗಿದ್ದರು. ಒಳಗಿನ ಕೋಣೆಯಲ್ಲಿ ತಮ್ಮನ ಮಗ, ಏಳು ವರ್ಷದವನು, ತೊಗರಿ ಚೀಲಗಳ ಮೇಲೆ ಹತ್ತಿ ನಾಗಂದಿಗೆಯಿಂದ ಕೌದಿ ಸುತ್ತಿದ ಉದ್ದನೆಯ ಗಂಟು ಎಳೆದಿದ್ದ. ನಾನು ನೀರಿನ ಚೊಂಬು ತರಲು ಒಳಗೆ ಹೋದಾಗ ಅಪ್ಪನ ಡಬಲ್ ಬ್ಯಾರಲ್ ಬಂದೂಕು ಅವನ ತೊಡೆಯ ಮೇಲಿತ್ತು. ನಳಿಗೆ ಅವನ ತಂಗಿಯ ಕಡೆಗಿತ್ತು. ಬಾಯಲ್ಲಿ "ಢಂ, ಢಂ" ಅನ್ನುತ್ತಿದ್ದ.

ನನಗೆ ಕೂಗಲೂ ಆಗಲಿಲ್ಲ. ಹಿಂದಿನಿಂದ ಹೋಗಿ ನಳಿಗೆಯನ್ನು ಗೋಡೆ ಕಡೆ ತಿರುಗಿಸಿ ತೆಗೆದುಕೊಂಡೆ. ಒಳಗೆ ತೋಟಾ ಇದೆಯೋ ಇಲ್ಲವೋ, ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. 26 ವರ್ಷದಿಂದ ಒಂದನೇ, ಎರಡನೇ ಕ್ಲಾಸಿನ ಮಕ್ಕಳ ಜೊತೆಗೇ ಇದ್ದೇನೆ. 2012ರ ಡಿಸೆಂಬರ್ 14ರಂದು ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಜನ ಸಿಬ್ಬಂದಿ ಗುಂಡಿಗೆ ಬಲಿಯಾದರು. ಎಲ್ಲಾ ಆರು, ಏಳು ವರ್ಷದ ಮಕ್ಕಳು. ಮರುದಿನ ಹಾಜರಿ ಕೂಗುವಾಗ ನನ್ನ ದನಿ ಏಳಲಿಲ್ಲ. ಕೊಂದವನ ಕೈಯಲ್ಲಿದ್ದ ಬಂದೂಕು ಅವನ ತಾಯಿಯವು. ಆಕೆ ಕಾನೂನು ಪ್ರಕಾರವೇ ಕೊಂಡು ಮನೆಯಲ್ಲಿಟ್ಟಿದ್ದಳು. ಅವನು ಮೊದಲು ಕೊಂದದ್ದೂ ಆಕೆಯನ್ನೇ. ಅಪ್ಪನ ಬಂದೂಕು ಕೈಯಲ್ಲಿ ಹಿಡಿದು ನಿಂತಾಗ ನನಗೆ ನೆನಪಾಗಿದ್ದು ಅದು.

ನಮ್ಮ ಕಲಬುರಗಿ, ಬೀದರ್ ಕಡೆ ಹಳೇ ಮನೆಗಳಲ್ಲಿ ಹೀಗೆ ಉಳಿದುಹೋದ ಬಂದೂಕುಗಳು ಇವೆ. ಯಜಮಾನರು ತೀರಿಕೊಂಡಿರುತ್ತಾರೆ, ಬಂದೂಕು ಹಾಗೇ ಇರುತ್ತದೆ. ಅಂಥ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಂದೂಕನ್ನು ಯಾರೂ ಮುಟ್ಟದ ಹಾಗೆ ಮಾಡಿ. ತೆರೆದು ನೋಡಲು, ಒರೆಸಲು, ಟ್ರಿಗರ್ ಎಳೆದು ಪರೀಕ್ಷೆ ಮಾಡಲು ಹೋಗಬೇಡಿ. ತೋಟಾ ತುಂಬಿದೆ ಅಂತಲೇ ತಿಳಿದುಕೊಳ್ಳಿ. ನಳಿಗೆ ಗೋಡೆ ಕಡೆ ಇರುವಂತೆ ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿ, ಕೀಲಿ ಒಬ್ಬರ ಹತ್ತಿರ ಮಾತ್ರ ಇರಲಿ. ಬಿಡಿ ತೋಟಾ ಸಿಕ್ಕರೆ ಬೇರೆ ಕಡೆ ಇಟ್ಟು ಎಣಿಸಿ, ಸಂಖ್ಯೆ ಬರೆದಿಡಿ. ನಮ್ಮಲ್ಲಿ ಹನ್ನೊಂದು ಸಿಕ್ಕವು. ಹಿತ್ತಾಳೆ ತುದಿ ಹಸಿರುಗಟ್ಟಿತ್ತು. ಅವನ್ನು ಬಾವಿಗೆ ಎಸೆಯೋಣ ಅಂತ ಒಬ್ಬರು ಅಂದರು. ಬೇಡ. ತೋಟಾಗಳ ಲೆಕ್ಕವನ್ನೂ ಕೊಡಬೇಕಾಗುತ್ತದೆ.

ಆಮೇಲೆ ಲೈಸೆನ್ಸ್ ಪುಸ್ತಕ ಹುಡುಕಿ. ಅದರಲ್ಲಿ ಬಂದೂಕಿನ ನಂಬರ್, ಎಷ್ಟು ತೋಟಾ ಇಟ್ಟುಕೊಳ್ಳಬಹುದು, ಎಲ್ಲಿಯವರೆಗೆ ನವೀಕರಣ ಆಗಿದೆ ಎಲ್ಲಾ ಇರುತ್ತದೆ. ನಮ್ಮ ಮನೆಯಲ್ಲಿ ಅದು ಸಿಕ್ಕಿದ್ದು ಅವ್ವನ ಟ್ರಂಕಿನಲ್ಲಿ, ಹೊಲದ ಪಹಣಿಗಳ ನಡುವೆ. ಜನ ಇಲ್ಲೇ ತಪ್ಪು ತಿಳಿಯುತ್ತಾರೆ: ಲೈಸೆನ್ಸ್ ಅವಧಿ ಇನ್ನೂ ಎರಡು ವರ್ಷ ಇದೆಯಲ್ಲ, ಆಮೇಲೆ ನೋಡೋಣ ಅಂತ. ಲೈಸೆನ್ಸ್ ಇರುವುದು ವ್ಯಕ್ತಿಗೆ, ಮನೆಗಲ್ಲ. ಆ ವ್ಯಕ್ತಿ ಹೋದ ಮೇಲೆ ಬಂದೂಕನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ, ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಾಗಲಿ ಇಡಬೇಕು ಅಂತ 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಸುಮ್ನೆ ಇಟ್ಟುಕೊಂಡರೆ ಮನೆಯವರೇ ಅಪರಾಧಿಗಳಾಗುತ್ತಾರೆ.

ಬಂದೂಕು ಹೆಗಲಿಗೆ ಹಾಕಿಕೊಂಡು ಬೈಕಿನಲ್ಲಿ ಹೊರಡಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ, ಹೀಗೆ ಹೀಗೆ ಅಂತ ಹೇಳಿ, ಹೇಗೆ ತರಬೇಕು ಅಂತ ಕೇಳಿ. ನಮ್ಮ ಮನೆಗೆ ಹವಾಲ್ದಾರರೊಬ್ಬರು ಬಂದರು. ಅಂಗಳದ ಬೇವಿನ ಮರದ ಕೆಳಗೆ ಬಂದೂಕನ್ನು ನಡುವೆ ಮಡಚಿ ತೆರೆದರು. ಎರಡೂ ನಳಿಗೆ ಖಾಲಿ. ಆದರೆ ಬೆಳಕಿಗೆ ಹಿಡಿದು ನೋಡಿದರೆ ಎಡಗಡೆಯ ನಳಿಗೆಯಲ್ಲಿ ಬೆಳಕೇ ಹಾಯಲಿಲ್ಲ. ತಂತಿ ಹಾಕಿ ಕೆದಕಿದರು. ಒಣ ಮಣ್ಣು ಪುಡಿಪುಡಿಯಾಗಿ ಉದುರಿತು. ಕುಂಬಾರ ಹುಳ ಒಳಗೆ ಗೂಡು ಕಟ್ಟಿತ್ತು. "ಅಕ್ಕೋರೇ, ಇದಕ್ಕ ತೋಟಾ ಹಾಕಿ ಹೊಡದಿದ್ರ ನಳಿಗಿ ಒಡದು ಹೊಡದವನ ಮುಖಕ್ಕೇ ಬರ್ತಿತ್ತು" ಅಂದರು. ತಮ್ಮ ಅಲ್ಲೇ ಕಟ್ಟೆ ಮೇಲೆ ಕುಳಿತುಬಿಟ್ಟ. ಹಿಂದಿನ ದೀಪಾವಳಿಗೆ ಒಮ್ಮೆ ಹಾರಿಸೋಣ ಅಂದಿದ್ದವನು ಅವನೇ.

ಠಾಣೆಯಲ್ಲಿ ಕೊಟ್ಟಾಗ ರಶೀದಿ ಇಲ್ಲದೆ ಹೊರಗೆ ಬರಬೇಡಿ. ಅದರಲ್ಲಿ ಬಂದೂಕಿನ ನಂಬರ್, ಯಾವ ಕಂಪನಿಯದು, ತೋಟಾ ಎಷ್ಟು, ತಾರೀಖು, ಸಹಿ, ಮೊಹರು ಇರಬೇಕು. ನಳಿಗೆಯ ಮೇಲೆ ಕೊರೆದ ನಂಬರ್, ಪುಸ್ತಕದ ನಂಬರ್, ರಶೀದಿಯ ನಂಬರ್ ಮೂರನ್ನೂ ಅಲ್ಲೇ ನಿಂತು ತಾಳೆ ನೋಡಿ. ನಮ್ಮದರಲ್ಲಿ ಒಂದು ಅಂಕಿ ಹಿಂದುಮುಂದಾಗಿತ್ತು. ಹೇಳಿದ ಕೂಡಲೇ ತಿದ್ದಿಕೊಟ್ಟರು.

ಇಲ್ಲಿಂದ ಮುಂದೆ ಮೂರು ದಾರಿ. ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅದಕ್ಕೆ ಪೊಲೀಸ್ ವಿಚಾರಣೆ, ವೈದ್ಯರ ಪ್ರಮಾಣ ಪತ್ರ, ತರಬೇತಿ ಎಲ್ಲಾ ಬೇಕು. ಅನುಮತಿ ಪಡೆದು ಲೈಸೆನ್ಸ್ ಇರುವವರಿಗೆ ಮಾರಬಹುದು. ಇಲ್ಲವೇ ಸರ್ಕಾರಕ್ಕೇ ಒಪ್ಪಿಸಬಹುದು. ಯಾವ ದಾರಿ ಹಿಡಿದರೂ ಮರಣ ಪ್ರಮಾಣ ಪತ್ರ, ನಾಡಕಚೇರಿಯ ವಂಶಾವಳಿ, ಎಲ್ಲಾ ವಾರಸುದಾರರ ಒಪ್ಪಿಗೆ ಪತ್ರ, ಠಾಣೆಯ ರಶೀದಿ ಸೇರಿಸಿ ಡಿಸಿ ಕಚೇರಿಗೆ ಅರ್ಜಿ ಕೊಡಬೇಕು. ಕಲಬುರಗಿಯಲ್ಲಿ ಅದು ಮಿನಿ ವಿಧಾನಸೌಧದಲ್ಲಿದೆ. ಜೆರಾಕ್ಸ್ ಮೂರು ಸೆಟ್ ಇರಲಿ.

ಕಾಗದ ಸುಲಭ. ಕಷ್ಟ ಅಂದರೆ ಒಡಹುಟ್ಟಿದವರ ಒಪ್ಪಿಗೆ. ನಾವು ಮೂರು ಸಲ ಓಡಾಡಿದ್ದು ತಮ್ಮಂದಿರ ಸಹಿ ಇಲ್ಲದ್ದಕ್ಕೆ. ನಿಮ್ಮ ಮನೆಯಲ್ಲೂ ಇದೇ ಮಾತು ಬರುತ್ತದೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

"ಅಕ್ಕಾ, ಹಂದಿ ಕಾಟಕ್ಕ ಬೇಕಲ್ಲ" ಅಂದ ದೊಡ್ಡ ತಮ್ಮ. ಅಪ್ಪ ತೊಗರಿ ಹೊಲದಲ್ಲಿ ಆಕಾಶಕ್ಕೆ ಹಾರಿಸಿ ಹಂದಿ ಓಡಿಸುತ್ತಿದ್ದದ್ದು ನಿಜ. ಆದರೆ ಸೋಲಾರ್ ಬೇಲಿ ಹಾಕಿಸಿದ ಮೇಲೆ ಎಂಟು ವರ್ಷ ಬಂದೂಕು ಮನೆಯಿಂದ ಹೊರಗೆ ಹೋಗಿದ್ದು ಚುನಾವಣೆ ಬಂದಾಗ ಠಾಣೆಯಲ್ಲಿಡಲು ಮಾತ್ರ. ಹಾಗಂತ ನೆನಪಿಸಿದೆ. ಸುಮ್ಮನಾದ.

ಸಣ್ಣವನ ಮಾತು ಭಯದ್ದು. 2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಹೊರಟಿದ್ದ ಸಿಬ್ಬಂದಿ ಮೇಲೆ ಹಾಡಹಗಲೇ ಗುಂಡು ಹಾರಿಸಿ, ಹಣದ ಪೆಟ್ಟಿಗೆ ಹೊತ್ತೊಯ್ದರು. ಒಬ್ಬರ ಜೀವ ಹೋಯಿತು. "ಇಂಥಾ ಕಾಲದಾಗ ಇದ್ದ ಬಂದೂಕು ಕೊಡ್ತೀಯಾ?" ಅಂದ. ಈ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಭಾಗದ ಮನೆಗಳಿಗೆ ಬಂದೂಕು ಬಂದದ್ದೇ ಭಯದಿಂದ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲೂಕಿನ ಗೋರಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳ ಮಾತನ್ನು ಮುತ್ಯಾ ಸಾಯುವ ತನಕ ಆಡುತ್ತಿದ್ದರು. ರಾತ್ರಿಯೆಲ್ಲಾ ಮಾಳಿಗೆ ಮೇಲೆ ಕಾವಲು ಕುಳಿತ ಕೈಗಳು ಅವರವು.

ಅದೇ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅವರು ಶಸ್ತ್ರ ಇಟ್ಟುಕೊಳ್ಳುವುದೂ ಮೂಲಭೂತ ಹಕ್ಕಾಗಲಿ ಅಂತ ತಿದ್ದುಪಡಿ ತಂದಿದ್ದರು. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಅಷ್ಟು ರಕ್ತ ಹರಿದ ಹೊತ್ತಿನಲ್ಲೂ ಒಪ್ಪಲಿಲ್ಲ ಅನ್ನುವುದನ್ನು ನಾನು ತಮ್ಮಂದಿರಿಗೆ ಎರಡು ಸಲ ಹೇಳಿದೆ. ಅದಕ್ಕೇ ನಮ್ಮಲ್ಲಿ ಬಂದೂಕು ಅಂದರೆ ಸರ್ಕಾರ ಕೊಡುವ ಅನುಮತಿ. ಕಾರಣ ಹೇಳಿ ಕೇಳಬೇಕು. ಅಮೆರಿಕದಲ್ಲಿ 1791ರ ಎರಡನೇ ತಿದ್ದುಪಡಿಯಿಂದ ಅದು ಹಕ್ಕು. ಸ್ಯಾಂಡಿ ಹುಕ್ ಮಕ್ಕಳು ಸತ್ತ ನಾಲ್ಕು ತಿಂಗಳಿಗೆ, ಬಂದೂಕು ಕೊಳ್ಳುವವರ ಹಿನ್ನೆಲೆ ಇನ್ನಷ್ಟು ಕಡೆ ವಿಚಾರಿಸೋಣ ಅನ್ನುವ ಮಸೂದೆ ಅಲ್ಲಿಯ ಸೆನೆಟ್‌ಗೆ ಬಂತು. 60 ಮತ ಬೇಕಿತ್ತು. 54 ಬಿದ್ದವು. ಮಸೂದೆ ಸತ್ತಿತು. 2022ರ ಮೇ 24ರಂದು ಟೆಕ್ಸಾಸ್‌ನ ಉವಾಲ್ಡೆ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದ ಮೇಲೆ ಒಂದು ಕಾನೂನು ಬಂತು. ಅದೂ ಸಣ್ಣದೇ, 21ರ ಒಳಗಿನವರು ಕೊಳ್ಳುವಾಗ ಹೆಚ್ಚು ವಿಚಾರಣೆ, ಅಂಥವು.

"ಲೈಸೆನ್ಸ್ ಬಂದೂಕಿನಿಂದ ಏನೂ ಆಗಲ್ಲ, ಕಳ್ಳ ಪಿಸ್ತೂಲು ಹಿಡೀಲಿ" ಅನ್ನುವವರು ಎಲ್ಲಾ ಕಡೆ ಇದ್ದಾರೆ. ಅರ್ಧ ನಿಜ. ಭೀಮಾ ತೀರದ ಕಂಟ್ರಿ ಪಿಸ್ತೂಲಿನ ಕಥೆ ನಮಗೆ ಹೊಸದಲ್ಲ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಕೊಂದದ್ದು ಅಂಥ ಪಿಸ್ತೂಲಿನಿಂದಲೇ. ಅದನ್ನು ಹಿಡಿಯಬೇಕಾದವರು ಪೊಲೀಸರು. ಆದರೆ ಮಿಕ್ಕ ಅರ್ಧವನ್ನೂ ನೋಡಬೇಕಲ್ವಾ? 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಪುಟ್ಟ ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದವನ ಹತ್ತಿರ ಲೈಸೆನ್ಸ್ ಇತ್ತು. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದವನಿಗೂ ಇತ್ತು.

ದೊಡ್ಡ ತಮ್ಮ ಕರಗಿದ್ದು ಆಸ್ಟ್ರೇಲಿಯಾದ ಮಾತಿಗೆ. ಅಲ್ಲಿ 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಪ್ರಧಾನಿ ಜಾನ್ ಹೊವರ್ಡ್ ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಹನ್ನೆರಡೇ ದಿನಕ್ಕೆ ಎಲ್ಲಾ ರಾಜ್ಯಗಳನ್ನು ಒಪ್ಪಿಸಿ ಕಾನೂನು ಬಿಗಿ ಮಾಡಿದರು. ಸಿಟ್ಟಾದವರು ಹಳ್ಳಿಯ ರೈತರು, ಹೊವರ್ಡ್ ಕಡೆಗೇ ಮತ ಹಾಕುವವರು. ಅವರ ಮುಂದೆ ಮಾತಾಡಲು ಹೋದಾಗ ಕೋಟಿನ ಒಳಗೆ ಗುಂಡು ತಡೆಯುವ ಕವಚ ಹಾಕಿಕೊಂಡಿದ್ದರಂತೆ. ಆದರೂ ಸರ್ಕಾರ ಹಣ ಕೊಟ್ಟು ಸುಮಾರು 6 ಲಕ್ಷ 50 ಸಾವಿರ ಬಂದೂಕು ವಾಪಸ್ ಪಡೆದು ನಾಶ ಮಾಡಿತು. "ಅವರೂ ರೈತರೇ ಏನು?" ಅಂತ ಕೇಳಿದ ತಮ್ಮ. ಹೌದು, ಹೊಲಕ್ಕೆ ಬರುವ ಪ್ರಾಣಿ ಓಡಿಸಲು ಬಂದೂಕು ಇಟ್ಟಿದ್ದವರೂ ಇದ್ದರು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಪೆನ್ನು ಕೇಳಿದ.

ನಿಮ್ಮ ಮನೆಯಲ್ಲಿ ಯಾರಾದರೂ ತಮ್ಮ ಹೆಸರಿಗೆ ಲೈಸೆನ್ಸ್ ಕೇಳುತ್ತೇವೆ ಅಂದರೆ ಅದು ಅವರ ಇಷ್ಟ, ಜಗಳ ಬೇಡ. ಆದರೆ ಕಬ್ಬಿಣದ ಪೆಟ್ಟಿಗೆ, ಬೀಗ, ತೋಟಾಕ್ಕೆ ಬೇರೆ ಜಾಗ, ಇಷ್ಟು ಮೊದಲು ಆಗಲಿ. ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಹಾರಿಸುವ ಚಟ ಇದ್ದರೆ ಈಗಲೇ ಹೇಳಿ: 2019ರ ತಿದ್ದುಪಡಿ ಪ್ರಕಾರ ಹಾಗೆ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಯಾರದೋ ಮಾಳಿಗೆ ಮೇಲೆ ಮಲಗಿದ ಮಗುವಿನ ಮೇಲೆ ಇಳಿಯಬಹುದು.

ಕೊನೆಗೆ ಉಳಿದದ್ದು ಅವ್ವನ ಮಾತು. "ಮಹಾನವಮಿಗೆ ನಿಮ್ಮಪ್ಪ ಅದಕ್ಕ ವಿಭೂತಿ ಹಚ್ಚಿ ಪೂಜೆ ಮಾಡ್ತಿದ್ದ. ಈಗ ಏನ ಇಡ್ಲಿ?" ಅಂದರು. ಇದಕ್ಕೆ ನನ್ನ ಹತ್ತಿರ ಯಾವ ದೇಶದ ಉತ್ತರವೂ ಇರಲಿಲ್ಲ. ಆಮೇಲೆ ತೋಟಾ ಸಿಕ್ಕಿಸುವ ಅಪ್ಪನ ಚರ್ಮದ ಪಟ್ಟಿ ನೆನಪಾಯಿತು. ಹವಾಲ್ದಾರರನ್ನು ಕೇಳಿದೆ. ಖಾಲಿ ಪಟ್ಟಿ ಇಟ್ಟುಕೊಳ್ಳಿ, ತೊಂದರೆ ಇಲ್ಲ ಅಂದರು. ನೀವೂ ಒಪ್ಪಿಸುವ ಮುಂಚೆ ಪಟ್ಟಿ, ಚೀಲ ಏನಿದ್ದರೂ ಕೇಳಿ ಇಟ್ಟುಕೊಳ್ಳಿ. ಮನೆಯವರ ಮನಸ್ಸಿಗೆ ಅದು ಬೇಕಾಗುತ್ತದೆ.

ಡಿಸಿ ಕಚೇರಿಯ ಆದೇಶ ನಮಗೆ ಸಿಗಲು ನಾಲ್ಕು ತಿಂಗಳಾಯಿತು. ತಿಂಗಳಿಗೊಮ್ಮೆ ಅರ್ಜಿ ನಂಬರ್ ಹೇಳಿ ವಿಚಾರಿಸುತ್ತಿರಿ. ಆದೇಶದ ಪ್ರತಿಯನ್ನು ಠಾಣೆಗೂ ಒಂದು ಕೊಟ್ಟು, ಕೊಟ್ಟದ್ದಕ್ಕೆ ಸಹಿ ಪಡೆಯಿರಿ.

ಈ ಸಲ ಮಹಾನವಮಿಗೆ ಅವ್ವ ಕೂರಿಗೆ, ಕುಡಗೋಲಿನ ಪಕ್ಕ ಆ ಪಟ್ಟಿಯನ್ನು ಎಣ್ಣೆ ಹಚ್ಚಿ ಒರೆಸಿ ಇಟ್ಟರು. ತಮ್ಮನ ಮಗ ಅದರ ಖಾಲಿ ಕಿಸೆಗಳಲ್ಲಿ ಒಂದೊಂದಾಗಿ ಚೆಂಡು ಹೂ ಸಿಕ್ಕಿಸುತ್ತಾ ಎಣಿಸಿದ. ಇಪ್ಪತ್ತೈದು ಕಿಸೆ. "ಅತ್ತಿ, ಮುತ್ಯಾನ ಬಂದೂಕ ಎಲ್ಲಿ?" ಅಂದ. ಠಾಣೆಗೆ ಕೊಟ್ಟೆವು, ವಾಪಸ್ ಬರಲ್ಲ ಅಂದೆ. "ಹೂಂ" ಅಂದು ಇನ್ನೆರಡು ಹೂವು ಕೇಳಿದ, ಎರಡು ಕಿಸೆ ಉಳಿದಿದ್ದವು.